ಬೀಗ ಫೋನಿಗಿತ್ತು, ಸಿಮ್ಮಿಗಿರಲಿಲ್ಲ: ಒಂದು ಕಳವಿನ ಪ್ರಕರಣ ಅಧ್ಯಯನ

2025ರ ಫೆಬ್ರವರಿಯ ಎರಡನೇ ಶನಿವಾರ ಸಂಜೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಮ್ಮ ಸಂಬಂಧಿಕರಾದ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಸ್ಮಾರ್ಟ್‌ಫೋನ್ ಕಳುವಾಯಿತು. ಫೋನಿನ ಬೆಲೆ ಸುಮಾರು 14,000 ರೂಪಾಯಿ. ಆದರೆ ಅದು ಕೈತಪ್ಪಿದ ಎರಡು ಗಂಟೆಯೊಳಗೆ ಅವರ ಉಳಿತಾಯ ಖಾತೆಯಿಂದ 49,848 ರೂಪಾಯಿ ಹೋಗಿತ್ತು. ಫೋನಿನ ಪರದೆಗೆ ಪ್ಯಾಟರ್ನ್ ಬೀಗವೂ ಬೆರಳಚ್ಚಿನ ಬೀಗವೂ ಇದ್ದವು; ಹಣ ಹೋದದ್ದು ಆ ಬೀಗಗಳನ್ನು ಮುರಿದದ್ದರಿಂದ ಅಲ್ಲ. ದೂರು, ಅರ್ಜಿ, ಬ್ಯಾಂಕಿನ ಪತ್ರವ್ಯವಹಾರಗಳಿಗೆಂದು ಮುಂದಿನ ನಾಲ್ಕು ತಿಂಗಳು ಅವರ ಜೊತೆ ಓಡಾಡಿದವನು ನಾನು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪ್ರಕರಣದ ಬೇರು ಒಂದು ಫ್ಲಿಪ್ ಕವರಿನಲ್ಲಿದೆ. ಪುಸ್ತಕದಂತೆ ತೆರೆದುಕೊಳ್ಳುವ, ಒಳಬದಿಯಲ್ಲಿ ಕಾರ್ಡು ಸಿಕ್ಕಿಸಲು ಎರಡು ಜೇಬುಗಳಿರುವ, ಪೇಟೆಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವಂಥ ಕವರು ಅದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆಯಲು ಗುರುತಿನ ಚೀಟಿ ತೋರಿಸಬೇಕಾಯಿತು. ದಿನವೂ ಶಾಲೆಗೆ ಬಸ್ಸಿನಲ್ಲೇ ಹೋಗಿಬರುವ ಇವರು, ಪ್ರತಿ ಸಲ ಚೀಲ ತಡಕಾಡುವ ಗೋಜೇ ಬೇಡವೆಂದು ಆಧಾರ್ ಕಾರ್ಡನ್ನು ಆ ಕವರಿನ ಒಂದು ಜೇಬಿಗೆ ಸೇರಿಸಿದರು. ಇನ್ನೊಂದು ಜೇಬಿನಲ್ಲಿ ಡೆಬಿಟ್ ಕಾರ್ಡು ಮೊದಲೇ ಇತ್ತು. ಇದರಲ್ಲಿ ಅವರನ್ನು ದೂರುವಂಥದ್ದೇನೂ ನನಗೆ ಕಾಣುವುದಿಲ್ಲ. ಯಾವುದೇ ಬಸ್ಸು ಹತ್ತಿ ಸುತ್ತ ನೋಡಿದರೆ ಇಂಥ ಕವರು ನಾಲ್ಕಾದರೂ ಕಂಡಾವು.

ಆ ದಿನ ಅವರು ಬೆಂಗಳೂರಿನಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು, ಸುಮಾರು ಮೂರು ಗಂಟೆ ದೂರದ ತಮ್ಮ ಊರಿಗೆ ಹೊರಟಿದ್ದರು. ಸಂಜೆ ಆರು ಗಂಟೆಯ ಹೊತ್ತಿಗೆ ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲಿತ್ತು, ಒಂದು ಕೈಯಲ್ಲಿ ತಾಂಬೂಲದ ಚೀಲ, ಹೆಗಲಲ್ಲಿ ಬ್ಯಾಗು. ಸೀಟು ಸಿಕ್ಕಿ ಕುಳಿತು, ಬಸ್ಸು ಹೊರಟು, ಕಂಡಕ್ಟರು ಬಂದು ಆಧಾರ್ ಕೇಳಿದಾಗಲೇ ಬ್ಯಾಗಿನ ಹೊರಜಿಪ್ಪು ತೆರೆದಿರುವುದು ಗೊತ್ತಾದದ್ದು. ಆಗ ಸಮಯ 6.20.

ಮುಂದಿನ ಮೂರು ಗಂಟೆ ಎರಡು ಕಡೆ ಎರಡು ಕೆಲಸ ನಡೆದವು. ಬಸ್ಸಿನೊಳಗೆ ಶಿಕ್ಷಕಿಯವರು ಪಕ್ಕದ ಪ್ರಯಾಣಿಕರ ಫೋನಿನಿಂದ ತಮ್ಮದೇ ಸಂಖ್ಯೆಗೆ ಕರೆ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಗನಿಗೆ ತಿಳಿಸಿದರು. ಅವನು ಕರೆಯ ಮೇಲೆ ಕರೆ ಮಾಡಿದ, ‘ದಯವಿಟ್ಟು ವಾಪಸ್ ಕೊಡಿ, ಬಹುಮಾನ ಕೊಡುತ್ತೇವೆ’ ಎಂದು ಸಂದೇಶವನ್ನೂ ಕಳಿಸಿದ. 6.40ರ ನಂತರ ಫೋನು ಸ್ವಿಚ್ ಆಫ್ ಎಂದಿತು. ಲಾಕ್ ಇರುವುದರಿಂದ ಯಾರೂ ತೆರೆಯಲಾರರು, ಹೋದರೆ ಫೋನೊಂದು ಹೋಯಿತು ಎಂಬ ಸಮಾಧಾನದಲ್ಲಿ ಅವರು ಊರಿನ ದಾರಿ ಹಿಡಿದರು. ಸಿಮ್ ಬ್ಲಾಕ್ ಮಾಡಿಸಬೇಕೆಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬಂದಿದ್ದರೂ ‘ಸಿಮ್ ಬ್ಲಾಕ್ ಮಾಡಿದರೆ ಮತ್ತೆ ರಿಂಗ್ ಮಾಡಿ ನೋಡುವುದು ಹೇಗೆ’ ಎಂದು ತಡೆಯುತ್ತಿದ್ದೆವೇನೋ. ಇಂಥ ಹೊತ್ತಿನಲ್ಲಿ ಬಹುಪಾಲು ಮನೆಗಳಲ್ಲಿ ನಡೆಯುವುದು ಇದೇ ಲೆಕ್ಕಾಚಾರ.

ಇನ್ನೊಂದು ಕಡೆ ನಡೆದದ್ದನ್ನು ನಾವು ಸೋಮವಾರ ಬ್ಯಾಂಕಿನ ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆ ಜೋಡಿಸಿಕೊಂಡೆವು. 6.48ಕ್ಕೆ ಒಂದು ಅಂಗಡಿಯಲ್ಲಿ ಡೆಬಿಟ್ ಕಾರ್ಡನ್ನು ಯಂತ್ರಕ್ಕೆ ತಾಗಿಸಿ 4,850 ರೂಪಾಯಿಯ ಖರೀದಿಯಾಗಿದೆ. 2021ರ ಜನವರಿಯಿಂದ 5,000 ರೂಪಾಯಿವರೆಗೆ ಹೀಗೆ ತಾಗಿಸಿ ಕೊಡುವ ಪಾವತಿಗೆ ಪಿನ್ ಬೇಕಿಲ್ಲ. ಮೊತ್ತ ನೋಡಿದರೆ ಆ ಮಿತಿ ತಿಳಿದವರೇ ಮಾಡಿದ ಕೆಲಸ ಅನ್ನಿಸುತ್ತದೆ. 7.19ಕ್ಕೆ ಆನ್‌ಲೈನ್‌ನಲ್ಲಿ 19,999, 7.26ಕ್ಕೆ ಮತ್ತೊಮ್ಮೆ 19,999. ಎರಡೂ ಗಿಫ್ಟ್ ವೋಚರ್‌ಗಳು. 7.58ಕ್ಕೆ ಯುಪಿಐ ಮೂಲಕ 5,000. ಅಷ್ಟಕ್ಕೆ ನಿಂತಿದೆ. ನಿಂತದ್ದು ಕಳ್ಳನ ದಯೆಯಿಂದಲ್ಲ. ಆ ಕಾರ್ಡಿಗೆ ಬ್ಯಾಂಕು ಇಟ್ಟಿದ್ದ ದಿನದ ಆನ್‌ಲೈನ್ ಮಿತಿ 40,000, ಹೊಸ ಫೋನಿನಲ್ಲಿ ಯುಪಿಐ ತೆರೆದ ಮೊದಲ 24 ಗಂಟೆಯ ಮಿತಿ 5,000. ಖಾತೆಯಲ್ಲಿ ಉಳಿದ ಅರುವತ್ತು ಸಾವಿರ ಚಿಲ್ಲರೆ ರೂಪಾಯಿಯನ್ನು ಕಾಪಾಡಿದ್ದು, ಇವರಿಗೆ ಗೊತ್ತೇ ಇರದಿದ್ದ ಈ ಎರಡು ಮಿತಿಗಳು.

ಫೋನ್ ತೆರೆಯದೆ ಇದೆಲ್ಲ ಹೇಗಾಯಿತು? ಸಿಮ್ ಟ್ರೇಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿದರೆ ಟ್ರೇ ಹೊರಬರುತ್ತದೆ. ಅದಕ್ಕೆ ಪ್ಯಾಟರ್ನ್ ಬೇಕಿಲ್ಲ, ಬೆರಳಚ್ಚೂ ಬೇಕಿಲ್ಲ. ಆ ಸಿಮ್ಮನ್ನು ಬೇರೊಂದು ಫೋನಿಗೆ ಹಾಕಿ ಯಾರಿಗಾದರೂ ಒಂದು ಕರೆ ಮಾಡಿದರೆ ಸಂಖ್ಯೆ ಯಾವುದೆಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಒಟಿಪಿ ಬರುವುದು ಆ ಫೋನಿಗೇ. ಆನ್‌ಲೈನ್ ಖರೀದಿಗೆ ಬೇಕಾದ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ, ಎಲ್ಲವೂ ಕಾರ್ಡಿನ ಮೇಲೇ ಅಚ್ಚಾಗಿದ್ದವು. ಯುಪಿಐ ಪಿನ್ ಹೊಸದಾಗಿ ಇಟ್ಟುಕೊಳ್ಳಲು ಡೆಬಿಟ್ ಕಾರ್ಡಿನ ದಾರಿಯಲ್ಲದೆ ಆಧಾರ್ ದಾರಿಯೂ ಇದೆ: ಆಧಾರ್ ಸಂಖ್ಯೆಯ ಮೊದಲ ಆರು ಅಂಕಿ ಕೊಟ್ಟು, ಆಧಾರಿಗೆ ಜೋಡಣೆಯಾದ ಮೊಬೈಲಿಗೆ ಬರುವ ಒಟಿಪಿ ನಮೂದಿಸಿದರೆ ಸಾಕು. ಎಟಿಎಂ ಪಿನ್ ಗೊತ್ತಿಲ್ಲದವನಿಗೂ ತೆರೆದಿರುವ ದಾರಿ ಇದು. ಆಧಾರ್ ಕಾರ್ಡು ಕವರಿನಲ್ಲಿತ್ತು, ಜೋಡಣೆಯಾದ ಮೊಬೈಲು ಅದೇ ಸಿಮ್ಮು.

ಬ್ಯಾಂಕಿನ ಭದ್ರತೆಯ ಕಲ್ಪನೆ ನಿಂತಿರುವುದು ಎರಡು ಬೇರೆ ವಸ್ತುಗಳು ಎರಡು ಬೇರೆ ಕಡೆ ಇರುತ್ತವೆ ಎಂಬ ನಂಬಿಕೆಯ ಮೇಲೆ. ಕಾರ್ಡು ಕಳೆದರೆ ಒಟಿಪಿ ಕಾಯುತ್ತದೆ, ಫೋನು ಕಳೆದರೆ ಕಾರ್ಡು ನಿಮ್ಮ ಬಳಿಯೇ ಇರುತ್ತದೆ. ಫ್ಲಿಪ್ ಕವರು ಈ ಎರಡನ್ನೂ ಒಂದೇ ಕಡೆ ಸೇರಿಸಿತು, ಶಕ್ತಿ ಟಿಕೆಟ್ಟಿನ ಅನುಕೂಲಕ್ಕೆಂದು ಇಟ್ಟ ಆಧಾರ್ ಮೂರನೆಯದಾಗಿ ಬಂದು ಸೇರಿಕೊಂಡಿತು. ಮನೆಗೆ ಎರಡು ಬೀಗ ಜಡಿದು ಎರಡರ ಕೀಲಿಕೈಯನ್ನೂ ಒಂದೇ ಗೊಂಚಲಿನಲ್ಲಿ ಬಾಗಿಲಿಗೇ ನೇತುಹಾಕಿದ ಹಾಗಾಯಿತು. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಹಣ ಕಡಿತವಾದಾಗ ಎಚ್ಚರಿಸುವ ಎಸ್‌ಎಂಎಸ್ ಕೂಡ ಅದೇ ಸಿಮ್ಮಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಇಮೇಲ್ ವಿಳಾಸ ಕೊಟ್ಟಿರಲಿಲ್ಲವಾದ್ದರಿಂದ, ನಾಲ್ಕು ಸಲ ಹಣ ಹೋದರೂ ಒಂದು ಸಲವೂ ಮನೆಯವರಿಗೆ ಸುದ್ದಿ ತಲುಪಲಿಲ್ಲ.

ಇದನ್ನು ತಡೆಯಬಹುದಾಗಿದ್ದ ಉಪಾಯವೊಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ, ‘ಸಿಮ್ ಲಾಕ್’ ಎಂಬ ಹೆಸರಿನಲ್ಲಿ, ಮೊದಲಿನಿಂದಲೂ ಇದೆ. ಸಿಮ್ ಪಿನ್ ಎಂಬುದು ಫೋನಿನ ಬೀಗವಲ್ಲ, ಸಿಮ್ಮಿನೊಳಗೇ ಕೂರುವ ಬೀಗ. ಒಮ್ಮೆ ಹಾಕಿದರೆ ಆ ಸಿಮ್ಮನ್ನು ಯಾವ ಫೋನಿಗೆ ಹಾಕಿದರೂ, ಅದೇ ಫೋನನ್ನು ಆರಿಸಿ ಹೊತ್ತಿಸಿದರೂ, ಅಂಕಿ ಕೊಡದೆ ನೆಟ್‌ವರ್ಕ್ ಹಿಡಿಯುವುದಿಲ್ಲ. ಮೂರು ಸಲ ತಪ್ಪಿದರೆ ಆ ಬೀಗ ಬಿಡಿಸುವ ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ಕೇಳುತ್ತದೆ, ಪಿಯುಕೆಯನ್ನೂ ಹತ್ತು ಸಲ ತಪ್ಪಿದರೆ ಸಿಮ್ಮು ನಿಷ್ಪ್ರಯೋಜಕವಾಗುತ್ತದೆ. ಇದನ್ನು ಚಾಲೂ ಮಾಡುವಾಗ ಮೊದಲು ಕಂಪನಿಯೇ ಇಟ್ಟಿರುವ ಮೂಲ ಪಿನ್ ಕೊಡಬೇಕಾಗುತ್ತದೆ. ಅದು ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಅಂದಾಜಿನ ಮೇಲೆ ಒತ್ತುತ್ತ ಹೋಗದೆ ಕಸ್ಟಮರ್ ಕೇರ್‌ನಲ್ಲಿ ಕೇಳಿಕೊಂಡೇ ಮುಂದುವರಿಯುವುದು ಕ್ಷೇಮ. ಇ–ಸಿಮ್ ಬಳಸುವವರಿಗೆ ಕಿತ್ತುಕೊಳ್ಳುವ ಚಿಪ್ಪೇ ಇರದ ಕಾರಣ ಈ ಕಳವಿನ ದಾರಿ ಮುಚ್ಚಿರುತ್ತದೆ. ಇಷ್ಟು ಸರಳವಾದ ರಕ್ಷಣೆಯನ್ನು ಸಿಮ್ ಮಾರುವ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲವಲ್ಲ ಎಂಬುದು ನನಗೆ ಇಂದಿಗೂ ಬಗೆಹರಿಯದ ಮಾತು.

ರಾತ್ರಿ ಒಂಬತ್ತು ದಾಟಿದ ಮೇಲೆ ಮನೆ ಸೇರಿ, 9.25ಕ್ಕೆ ಸಿಮ್ ಬ್ಲಾಕ್ ಮಾಡಿಸಿದರು. 9.40ಕ್ಕೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡು ನಿಲ್ಲಿಸುವಾಗ, ಕೊನೆಯ ವ್ಯವಹಾರಗಳನ್ನು ಅತ್ತ ಕಡೆಯವರು ಓದಿ ಹೇಳಿದರು. ಹಣ ಹೋದದ್ದು ಗೊತ್ತಾದದ್ದು ಆಗಲೇ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು, ಅಷ್ಟು ತಡವಾಗಿದ್ದರೂ, ವ್ಯರ್ಥವಾಗಲಿಲ್ಲ: ಯುಪಿಐಯಲ್ಲಿ ಹೋದ 5,000 ರೂಪಾಯಿ ಇನ್ನೂ ಮುಂದಿನ ಖಾತೆಯಿಂದ ಹೊರಬಿದ್ದಿರಲಿಲ್ಲವಾದ್ದರಿಂದ ಅಲ್ಲಿಯೇ ತಡೆಹಿಡಿಯಲ್ಪಟ್ಟು, ಕೆಲವು ವಾರಗಳ ನಂತರ ವಾಪಸಾಯಿತು. ವೋಚರ್‌ಗಳು ಮಾತ್ರ ಅಷ್ಟು ಹೊತ್ತಿಗೆ ಖರ್ಚಾಗಿದ್ದವು.

ಸಿಮ್ ನಿಂತಿತು, ಇನ್ನು ಅಪಾಯವಿಲ್ಲ ಎಂದುಕೊಂಡಿದ್ದಾಗ ಹತ್ತು ಗಂಟೆಗೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಿಕ್ಷಕಿಯವರ ಹೆಸರಿನಿಂದಲೇ ಸಂದೇಶ ಬಂತು: ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು. ಸಿಮ್ ಬ್ಲಾಕ್ ಆಗುವ ಮುನ್ನವೇ ಕಳ್ಳರು ಆ ಸಂಖ್ಯೆಯಿಂದ ವಾಟ್ಸ್‌ಆ್ಯಪ್ ತೆರೆದಿದ್ದರು. ಒಮ್ಮೆ ನೋಂದಣಿಯಾದ ವಾಟ್ಸ್‌ಆ್ಯಪ್ ಸಿಮ್ ಸತ್ತರೂ ಇಂಟರ್‌ನೆಟ್ ಮೇಲೆ ನಡೆಯುತ್ತಲೇ ಇರುತ್ತದೆ. ಹಳೆಯ ಸಂದೇಶಗಳು ಅವರಿಗೆ ಕಾಣದಿದ್ದರೂ ಗುಂಪುಗಳು ಕಾಣುತ್ತವೆ. ಸಹೋದ್ಯೋಗಿಯೊಬ್ಬರು ಒಂದು ಮಾತೂ ಕೇಳದೆ 3,000 ರೂಪಾಯಿ ಕಳಿಸಿಬಿಟ್ಟರು. ಉಳಿದವರಿಗೆ ಸಂಶಯ ಬಂದದ್ದು ಸಂದೇಶ ಇಂಗ್ಲಿಷಿನಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ನಮ್ಮ ಮೇಡಂ ಗುಂಪಿನಲ್ಲಿ ಕನ್ನಡ ಬಿಟ್ಟು ಬೇರೆ ಬರೆದದ್ದೇ ಇಲ್ಲ ಎಂದು ಕನ್ನಡದ ಮೇಷ್ಟರೊಬ್ಬರು ಎಲ್ಲರನ್ನೂ ತಡೆದರಂತೆ.

ಭಾನುವಾರ ಮಧ್ಯಾಹ್ನ ಡೂಪ್ಲಿಕೇಟ್ ಸಿಮ್ ಸಿಕ್ಕಿತು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ ಎಂಬ ದೂರಸಂಪರ್ಕ ಇಲಾಖೆಯ ನಿಯಮ 2022ರಿಂದ ಇದೆ. ಮೋಸದಿಂದ ಬೇರೆಯವರ ಹೆಸರಿನ ಸಿಮ್ ಪಡೆದು ಒಟಿಪಿ ಕದಿಯುವವರನ್ನು ತಡೆಯಲು ಮಾಡಿದ ನಿಯಮ. ಇಲ್ಲಿ ಅದು ಕಳೆದುಕೊಂಡವರ ಕೈಯನ್ನೇ ಒಂದು ದಿನ ಕಟ್ಟಿಹಾಕಿತು. ವಾಟ್ಸ್‌ಆ್ಯಪಿನ ದೃಢೀಕರಣ ಸಂಖ್ಯೆಯನ್ನು ಎಸ್‌ಎಂಎಸ್ ಬದಲು ಕರೆಯ ಮೂಲಕ ಕೇಳಿಸಿಕೊಂಡು ಒಳಗೆ ಹೋದಾಗ ಕಳ್ಳರ ಫೋನಿನಲ್ಲಿ ಅದು ತಾನಾಗಿ ಲಾಗ್‌ಔಟ್ ಆಯಿತು. ಆದರೆ ಅವರು ಅಷ್ಟರಲ್ಲೇ ಎರಡನೇ ಹಂತದ ಆರಂಕಿಯ ಪಿನ್ ಇಟ್ಟುಬಿಟ್ಟಿದ್ದರಿಂದ ಖಾತೆ ಪೂರ್ತಿ ಕೈಗೆ ಬರಲು ಏಳು ದಿನ ಕಾಯಬೇಕಾಯಿತು. ಆ ಪಿನ್ನನ್ನು ಇವರೇ ಮೊದಲು ಇಟ್ಟುಕೊಂಡಿದ್ದರೆ ಕಳ್ಳರು ಕಾಯುತ್ತ ಕೂರಬೇಕಾಗುತ್ತಿತ್ತು.

ಫೋನನ್ನು ದೂರದಿಂದಲೇ ಬೀಗ ಹಾಕುವ, ಅಳಿಸುವ ಗೂಗಲ್ ಸೌಲಭ್ಯವನ್ನೂ ಆ ರಾತ್ರಿ ಪ್ರಯತ್ನಿಸಿದೆವು. ಗೂಗಲ್ ಖಾತೆಯನ್ನು ಐದು ವರ್ಷದ ಹಿಂದೆ ಫೋನ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಮರಳಿ ಪಡೆಯಲು ಹೋದರೆ ಗೂಗಲ್ ದೃಢೀಕರಣ ಸಂಖ್ಯೆ ಕಳಿಸುವುದು ಕಳೆದುಹೋದ ಮೊಬೈಲ್ ಸಂಖ್ಯೆಗೇ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಕೈಯಿಂದ ಕಸಿದು ಓಡಿದರೆ ಪರದೆ ತಾನೇ ಬೀಗ ಬೀಳುವ ವ್ಯವಸ್ಥೆ 2024ರಿಂದ ಬಂದಿದೆ, ಐಫೋನಿನಲ್ಲೂ ಅದೇ ವರ್ಷದ ಜನವರಿಯಿಂದ ಪಾಸ್‌ಕೋಡ್ ತಿಳಿದವನೂ ಮುಖ್ಯ ಬದಲಾವಣೆಗಳಿಗೆ ಒಂದು ಗಂಟೆ ಕಾಯಬೇಕಾದ ರಕ್ಷಣೆ ಇದೆ. ಒಳ್ಳೆಯ ಸೌಲಭ್ಯಗಳೇ, ಆದರೆ ಈ ಪ್ರಕರಣದಲ್ಲಿ ಪರದೆಯ ತಂಟೆಗೆ ಯಾರೂ ಹೋಗಿರಲಿಲ್ಲವಾದ್ದರಿಂದ ಅವು ಇದ್ದಿದ್ದರೂ ಹಣ ಉಳಿಯುತ್ತಿರಲಿಲ್ಲ.

ಪೊಲೀಸ್ ಠಾಣೆಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮನೆ ಹತ್ತಿರದ ಠಾಣೆಯವರು ಮೊದಲು ‘ಕಳೆದದ್ದು ಬೆಂಗಳೂರಿನಲ್ಲಲ್ಲವೇ, ಅಲ್ಲಿಗೇ ಹೋಗಿ’ ಎಂದರು, ಆಮೇಲೆ ಪೊಲೀಸರ ಆ್ಯಪಿನಲ್ಲಿ, ವಸ್ತು ಕಳೆದುಹೋಯಿತೆಂದು ದಾಖಲಿಸುವ ಇ–ಲಾಸ್ಟ್ ದೂರು ಹಾಕಿಕೊಳ್ಳಿ ಎಂದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಅದನ್ನು ವಿನಯದಿಂದಲೇ ತೋರಿಸಿ, ಕಳವಿನ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮನ್ನೂ ಸೇರಿಸುವಂತೆ ಬರೆದುಕೊಟ್ಟೆವು. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ ಇರುವ ಕಲಮು ಅದು. ಕಳುವಾದದ್ದನ್ನು ಸಲೀಸೆಂದು ‘ಕಳೆದುಹೋಯಿತು’ ಎಂದು ಬರೆಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಡೂಪ್ಲಿಕೇಟ್ ಸಿಮ್ಮಿಗೆ ಆ ಚೀಟಿ ಸಾಲಬಹುದು, ಆದರೆ ನಾಳೆ ಬ್ಯಾಂಕಿನವರು ಅದನ್ನೇ ಹಿಡಿದು ‘ನೀವೇ ಬೀಳಿಸಿಕೊಂಡಿರಿ’ ಎನ್ನಲು ಎಡೆಯಾಗುತ್ತದೆ.

ಸೋಮವಾರ ಸಂಜೆ ಎಸ್‌ಎಂಎಸ್ ಮರಳಿದ ಮೇಲೆ ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಲು ಅರ್ಜಿ ಹಾಕಿದೆವು. 2023ರ ಮೇ ತಿಂಗಳಿಂದ ದೇಶದಾದ್ಯಂತ ಲಭ್ಯವಿರುವ ಈ ವ್ಯವಸ್ಥೆಯಲ್ಲಿ ಫೋನಿನ ಗುರುತಾದ ಹದಿನೈದಂಕಿಯ ಐಎಂಇಐ ಸಂಖ್ಯೆ ಕೊಟ್ಟರೆ ಆ ಫೋನು ಯಾವ ಸಿಮ್ ಹಾಕಿದರೂ ಭಾರತದ ನೆಟ್‌ವರ್ಕ್‌ಗಳಲ್ಲಿ ನಡೆಯದಂತಾಗುತ್ತದೆ, ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. *#06# ಒತ್ತಿದರೆ ಐಎಂಇಐ ಕಾಣುತ್ತದೆ ನಿಜ, ಆದರೆ ಒತ್ತಲು ಫೋನು ಕೈಯಲ್ಲಿರಬೇಕಲ್ಲ. ನಮ್ಮ ಅದೃಷ್ಟಕ್ಕೆ ಫೋನಿನ ಪೆಟ್ಟಿಗೆಯನ್ನು ಶಿಕ್ಷಕಿಯವರು ಗುಂಡಿ, ಸೂಜಿ, ದಾರ ಇಡಲು ಬಳಸುತ್ತಿದ್ದರು. ಪೆಟ್ಟಿಗೆಯ ಬದಿಯಲ್ಲಿ ಎರಡು ಐಎಂಇಐ ಸಂಖ್ಯೆಗಳೂ ತಳದಲ್ಲಿ ಮಡಚಿಟ್ಟ ಬಿಲ್ಲೂ ಸಿಕ್ಕವು.

ನಿಜವಾದ ಜಗ್ಗಾಟ ನಡೆದದ್ದು ಬ್ಯಾಂಕಿನೊಡನೆ. ಮೊದಲ ಉತ್ತರ ನಾಲ್ಕು ಸಾಲಿನದು: ಆನ್‌ಲೈನ್ ವ್ಯವಹಾರಗಳು ಸರಿಯಾದ ಒಟಿಪಿಯಿಂದ ದೃಢೀಕೃತವಾಗಿವೆ, ಆದ್ದರಿಂದ ಹೊಣೆ ಗ್ರಾಹಕರದ್ದು. ಆಗ ಜಾರಿಯಲ್ಲಿದ್ದ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತಿದ್ದದ್ದು ಬೇರೆ. ಲೋಪ ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ ಎಂಬಂಥ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳಲ್ಲಿ ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕರೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿತ್ತು. ಗ್ರಾಹಕರ ನಿರ್ಲಕ್ಷ್ಯದಿಂದ, ಅಂದರೆ ಪಿನ್ ಒಟಿಪಿಗಳನ್ನು ತಾವೇ ಹಂಚಿಕೊಂಡಂಥ ಸಂದರ್ಭದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದೇ. ಹಾಗಾದರೆ ಕಾರ್ಡನ್ನು ಫೋನಿನ ಕವರಿನಲ್ಲಿಡುವುದು ನಿರ್ಲಕ್ಷ್ಯವೇ? ಇಡೀ ವಿವಾದ ಈ ಒಂದು ಪ್ರಶ್ನೆಗೆ ಇಳಿಯಿತು. ಕಳ್ಳತನಕ್ಕೆ ಒಳಗಾದವರು ಯಾರಿಗೂ ಏನನ್ನೂ ಹಂಚಿಕೊಂಡಿಲ್ಲ ಎಂಬುದು ನಮ್ಮ ವಾದ. ಬ್ಯಾಂಕಿನಿಂದ ಮೂವತ್ತು ದಿನ ಸಮರ್ಪಕ ಉತ್ತರ ಬಾರದೆ ಹೋದಾಗ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆವು. ಜೂನ್ ಮೊದಲ ವಾರ ರಾಜಿಯಲ್ಲಿ ಆನ್‌ಲೈನ್‌ನ 39,998 ರೂಪಾಯಿ ಮರಳಿತು. ಕಾರ್ಡು ತಾಗಿಸಿ ಮಾಡಿದ 4,850 ಮರಳಲಿಲ್ಲ. ಒಂದೇ ಕಳವಿನ ಎರಡು ಭಾಗಗಳಿಗೆ ಎರಡು ನ್ಯಾಯ ಹೇಗೆ ಎಂದು ನನಗೆ ಅರ್ಥವಾಗಲಿಲ್ಲ, ಆದರೆ ಶಿಕ್ಷಕಿಯವರು ಇನ್ನು ಸಾಕು ಎಂದರು. ಸಹೋದ್ಯೋಗಿ ಕಳಿಸಿದ 3,000 ರೂಪಾಯಿ, ಅವರೇ ತಮ್ಮ ಕೈಯಾರೆ ಮಾಡಿದ ಪಾವತಿಯಾದ್ದರಿಂದ, ಈ ಸುತ್ತೋಲೆಯ ಆಸರೆಗೆ ಬರಲಿಲ್ಲ. ಅದನ್ನು ಶಿಕ್ಷಕಿಯವರೇ ಸಂಬಳ ಬಂದ ದಿನ ಕೊಟ್ಟು ತೀರಿಸಿದರು.

ಕಳವಾದ ಎಂಟನೇ ದಿನ ಮಗನ ಫೋನಿಗೆ ಒಂದು ಸಂದೇಶ ಬಂದಿತ್ತು: ನಿಮ್ಮ ಕಳೆದುಹೋದ ಫೋನ್ ಪತ್ತೆಯಾಗಿದೆ, ಸ್ಥಳ ನೋಡಲು ಇಲ್ಲಿ ಒತ್ತಿ. ಕೊಂಡಿ ತೆರೆದರೆ ಗೂಗಲ್ ಪುಟವನ್ನೇ ಹೋಲುವ ಪುಟ, ಇಮೇಲ್ ಮತ್ತು ಪಾಸ್‌ವರ್ಡ್ ಕೇಳುತ್ತಿತ್ತು. ಕದ್ದ ಆಂಡ್ರಾಯ್ಡ್ ಫೋನನ್ನು ಪೂರ್ತಿ ಅಳಿಸಿದರೂ ಹಿಂದಿನ ಗೂಗಲ್ ಖಾತೆಯ ಗುರುತು ಕೊಡದೆ ಅದು ಮುಂದೆ ತೆರೆದುಕೊಳ್ಳುವುದಿಲ್ಲ. ಅದಕ್ಕೇ ಕಳ್ಳಮಾಲಿನ ಪೇಟೆಯಲ್ಲಿ ಆ ಪಾಸ್‌ವರ್ಡಿಗೆ ಬೆಲೆ. ಮಗನ ಸಂಖ್ಯೆ ಅವರಿಗೆ ಸಿಕ್ಕದ್ದಾದರೂ ಹೇಗೆ ಎಂದು ಬಹಳ ಹೊತ್ತು ತಲೆ ಕೆಡಿಸಿಕೊಂಡೆವು. ಆ ಸಂಜೆ ಅವನು ಮಾಡಿದ ಕರೆಗಳೆಲ್ಲ ಬೀಗ ಹಾಕಿದ ಪರದೆಯ ಮೇಲೆ ಮಿಸ್ಡ್ ಕಾಲ್ ಆಗಿ ಸಾಲಾಗಿ ಬಿದ್ದಿರುತ್ತವೆ, ಬಹುಮಾನದ ಸಂದೇಶವೂ ಅದರ ಪಕ್ಕದಲ್ಲೇ. ಪಾಸ್‌ವರ್ಡ್ ನಿಜಕ್ಕೂ ಯಾರಿಗೂ ನೆನಪಿರಲಿಲ್ಲವಾದ್ದರಿಂದ ಆ ಸಲ ಮರೆವೇ ಕಾಪಾಡಿತು.

ಇದನ್ನು ಬರೆಯುವ ಹೊತ್ತಿಗೆ ಫೋನು ಸಿಕ್ಕಿಲ್ಲ. ಶಿಕ್ಷಕಿಯವರು ಹೊಸ ಫೋನು ಕೊಂಡು, ಬ್ಯಾಂಕಿಗೆ ಇಮೇಲ್ ಕೊಟ್ಟು, ಕಾರ್ಡಿನ ಆನ್‌ಲೈನ್ ಮತ್ತು ತಾಗಿಸುವ ಪಾವತಿಗಳನ್ನು ಬ್ಯಾಂಕಿನ ಆ್ಯಪಿನಲ್ಲಿ ನಿಲ್ಲಿಸಿ, ವಾಟ್ಸ್‌ಆ್ಯಪಿಗೆ ತಮ್ಮದೇ ಪಿನ್ ಇಟ್ಟುಕೊಂಡಿದ್ದಾರೆ. ಆಧಾರ್ ಈಗ ಸಣ್ಣ ಪರ್ಸಿನಲ್ಲಿ ಬೇರೆ ಇರುತ್ತದೆ. ಸಿಮ್ ಪಿನ್ನನ್ನೂ ಹಾಕಿಸಿಕೊಂಡರು, ಮೊದಲ ತಿಂಗಳಲ್ಲೇ ಮೂರು ಸಲ ತಪ್ಪು ಒತ್ತಿ ಕಸ್ಟಮರ್ ಕೇರ್‌ನಿಂದ ಪಿಯುಕೆ ಪಡೆಯಬೇಕಾಯಿತು. ಮತ್ತೆ ಹಾಗಾಗಬಾರದೆಂದು ಪಿನ್ ಮತ್ತು ಪಿಯುಕೆ ಎರಡನ್ನೂ ಒಂದು ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಕಳೆದ ವಾರ ಮಗ ಫೋನು ಒರೆಸಲೆಂದು ಕವರು ಬಿಚ್ಚಿದಾಗ ಆ ಚೀಟಿ ಕವರಿನೊಳಗಿಂದಲೇ ಕೆಳಗೆ ಬಿತ್ತು.